ಸುಳ್ಳು ಹೇಳಿದ ಸೂಜಿ

ಕಂತು ಹನ್ನೊಂದು

"ಇಂಜಿನ್ನೇ ಓಡ್ತಿಲ್ಲ. ಮತ್ತೆ ಚಾರ್ಜ್ ಎಲ್ಲಿಂದ ಬರ್ತಿದೆ?"

ಪತ್ತೇದಾರ ತ್ರಿವಿಕ್ರಮ ಇದನ್ನು ಯಾರನ್ನೂ ಕೇಳಲಿಲ್ಲ, ತನಗೆ ತಾನೇ ಗೊಣಗಿಕೊಂಡ. ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿದ್ದ ಪುಟ್ಟ ಮೀಟರಿನಲ್ಲಿ ಸೂಜಿ ನಡುವಿನ ಸೊನ್ನೆ ಬಿಟ್ಟು ಬಲಕ್ಕೆ, ಚಾರ್ಜ್ ಆಗುವ ಕಡೆಗೆ ಹೋಗಿ ನಿಂತಿತ್ತು. ಗಾಡಿ ನೋಡಿದರೆ ದಸರಾದಿಂದ ಸ್ಟ್ಯಾಂಡಿನ ಮೇಲೆ ಸತ್ತು ನಿಂತಿದೆ. ಒಡೆದುಹೋದ ಹೆಡ್‌ಲೈಟಿನ ತಂತಿಗೆ ಅವನು ಬೇರೊಂದು ಬಲ್ಬು ಕಟ್ಟಿ, ಹಳೆ ಬ್ಯಾಟರಿಯನ್ನು ಅದರ ಜಾಗದಲ್ಲೇ ಬಿಟ್ಟು ತಾನು ತಂದ ಹೊಸ ಬ್ಯಾಟರಿ ಸಿಕ್ಕಿಸಿ ಉರಿಸಿದ್ದ, ಅಷ್ಟೆ. ಬಲ್ಬು ಉರಿದರೆ ಕರೆಂಟು ಖರ್ಚಾಗುತ್ತದೆ, ಸೂಜಿ ಎಡಕ್ಕೆ ಬೀಳಬೇಕು. ಇದೋ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಹಾಗೆ ಬಲಕ್ಕೆ ಬೀಗಿಕೊಂಡು ನಿಂತಿತ್ತು.

ಯಲಹಂಕದಾಚೆ ಪೊಲೀಸರು ಜಪ್ತಿ ವಾಹನಗಳನ್ನು ಕೂಡಿಹಾಕುತ್ತಿದ್ದ ತಗಡಿನ ಶೆಡ್ಡು ಅದು. ಬಾಗಿಲ ಬಳಿ ಸೈಜುಗಲ್ಲಿನ ಮೇಲೆ ದಾನವ್ವ ಕೂತಿದ್ದಳು. ಸೋಮವಾರ ಅವಳ ಗಂಡ ಕಾಡಪ್ಪನ ಮೇಲಿನ ಕೊಲೆ ಕೇಸು ಕೋರ್ಟಿಗೆ ಬರುವುದಿತ್ತು. ಕಾರ್ಖಾನೆಯ ಫೋರ್‌ಮನ್ ಮಹಾಲಿಂಗಪ್ಪನ ಈ ಗಾಡಿಯಲ್ಲಿ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋ ತಂತಿ ಕತ್ತರಿಸಿ, ಕತ್ತಲ ದಾರಿಯಲ್ಲಿ ಲೈಟು ಆರಿ, ಅವನು ಕಲ್ಲುಚಪ್ಪಡಿ ಹೇರಿ ನಿಂತಿದ್ದ ಟ್ರ್ಯಾಕ್ಟರಿಗೆ ಬಡಿದು ಸಾಯುವಂತೆ ಮಾಡಿದವನು ನಾನೇ ಎಂದು ಕಾಡಪ್ಪ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡು ಕೂತಿದ್ದ. ಅದೇ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಅವನು, ಆವತ್ತು ಬೆಳಗ್ಗೆ ಈ ಗಾಡಿಯ ಚಾರ್ಜಿಂಗ್ ರಿಪೇರಿ ಮಾಡಿದವನೂ ಅವನೇ. ಇನ್ನು ಬಿಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ.

"ಏನರ ಸಿಕ್ತರಿ ಸರ?" ದಾನವ್ವ ಕೇಳಿದಳು.

ಬಂದಾಗಲೆಲ್ಲ ಇದೇ ಪ್ರಶ್ನೆ. ಇಲ್ಲ, ಇಲ್ಲ ಎಂದು ಹೇಳಿ ಹೇಳಿ ತ್ರಿವಿಕ್ರಮನಿಗೆ ಅವಳ ಮುಖ ನೋಡುವುದೇ ಹಿಂಸೆಯಾಗಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವುದು ಬಿಟ್ಟು ಪತ್ತೇದಾರಿಗೆ ಇಳಿದ ಮೇಲೆ ಅವನು ಹೀಗೆ ಸೋತದ್ದೇ ಇಲ್ಲ. ಅವಳು ಆರ್.ಟಿ. ನಗರದ ಅವನ ಮನೆಗೆ ಬಂದ ಮೊದಲ ದಿನವೇ, ಹಿಂದುಮುಂದು ನೋಡದೆ, "ನಿಮ್ಮ ಯಜಮಾನ್ರನ್ನ ಮನೆಗೆ ಕರ್ಕೊಂಡ್ ಬರ್ತೀನಿ" ಎಂದು ಮಾತು ಕೊಟ್ಟುಬಿಟ್ಟಿದ್ದ. ಆ ಮಾತು ಈಗ ಬಾಯಲ್ಲಿನ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಸ್ವಲ್ಪ ಇರಿ ಅಮ್ಮಾ" ಎಂದ.

ಅವಳು ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಅದರಲ್ಲಿ ವಿಭೂತಿ ಗಟ್ಟಿ ಇತ್ತು. ಜೈಲಿನಲ್ಲಿ ಗಂಡನಿಗೆ ವಿಭೂತಿ ಸಿಗುವುದಿಲ್ಲವೆಂದು ಮಠದಿಂದ ತಂದದ್ದು. ಅವಳ ಹಣೆಯ ಮೇಲೂ ಮೂರು ಪಟ್ಟೆ ಅಚ್ಚುಕಟ್ಟಾಗಿದ್ದವು. ಊಟ ಬಿಟ್ಟಾಳು, ಅದನ್ನು ಬಿಡುವವಳಲ್ಲ.

ಆಚೆ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಅವಳ ತಮ್ಮ ವೀರಬಸಪ್ಪ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದ. ಜೈಲಿಗೆ ಭಾವನ ಊಟ ಒಯ್ಯುವುದು ಅವನ ದಿನದ ಕೆಲಸ. ಅವನೂ ಅದೇ ಕಾರ್ಖಾನೆಯಲ್ಲಿದ್ದವನು. ಬಲಗೈಯ ನಡುಬೆರಳು ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಹೋಯಿತು, ಹಿಂದೆಯೇ ಕೆಲಸವೂ ಹೋಯಿತು. ಒಳಗೆ ಬಾ ಎಂದು ಅಕ್ಕ ಎರಡು ಸಲ ಕರೆದರೂ ಬಂದಿರಲಿಲ್ಲ.

ತ್ರಿವಿಕ್ರಮ ಮತ್ತೆ ಸೂಜಿ ನೋಡಿದ. ರಾಜಾನುಕುಂಟೆಯ ಮುನಿಗಂಗಪ್ಪನ ಮಾತು ನೆನಪಾಯಿತು. ಆಯುಧಪೂಜೆಯ ಸಂಜೆ ಮಹಾಲಿಂಗಪ್ಪ ಹೋಗಿದ್ದು ಅವನ ತೋಟದ ಮನೆಗೇ.

"ಕರೆಂಟ್ ಓಗಿತ್ತು ಸಾಮಿ" ಎಂದಿದ್ದ ಮುನಿಗಂಗಪ್ಪ. "ಪಂಪ್‌ಸೆಟ್ ಪೂಜೆಗೆ ಇಂಜಿನ್ ಓಡುಸ್ಕಂಡು ಅವರ ಗಾಡಿ ಲೈಟೇ ಆಕ್ಕಂಡ್ವಿ. ಬ್ಯಾಟ್ರಿ ಇಳೀತದೆ ಕಣಣ್ಣ ಅಂದೆ. ಸೂಜಿ ತೋರ್ಸುದ್ರು. ನೋಡಯ್ಯ, ಚಾರ್ಜ್ ಫಸ್ಟ್ ಕ್ಲಾಸಾಗ್ ಆಯ್ತಾ ಐತೆ ಅಂದ್ರು. ಒಂಟಾಗ ಲೈಟ್ ಮಂಕಾಗೇ ಇತ್ತು. ಓಡ್ತಾ ಓಡ್ತಾ ಬೆಳಕು ಬತ್ತದೆ ಅಂದ್ಕಂಡು ಒಂಟೋದ್ರು."

ಡೈನಮೋ ತಂತಿ ಕತ್ತರಿಸಿದ ಮೇಲೆ ಚಾರ್ಜ್ ಎಲ್ಲಿಯದು? ಮುನಿಗಂಗಪ್ಪ ಅವತ್ತು ಸ್ವಲ್ಪ ಹಾಕಿಕೊಂಡಿದ್ದನೆಂದು ಯಾರೂ ಆ ಮಾತಿಗೆ ಬೆಲೆ ಕೊಟ್ಟಿರಲಿಲ್ಲ. ತ್ರಿವಿಕ್ರಮನೂ ಕೊಟ್ಟಿರಲಿಲ್ಲ. ಪಾಪ, ಆ ಮನುಷ್ಯ ಕುಡಿದರೂ ಕಂಡದ್ದನ್ನೇ ಹೇಳಿದ್ದ. ಸುಳ್ಳು ಹೇಳಿದ್ದು ಸೂಜಿ.

ಯಾಕೆ ಹೇಳಿತು?

ತ್ರಿವಿಕ್ರಮ ಮಂಡಿಯೂರಿ ಕೂತು ಬ್ಯಾಟರಿಯ ತಂತಿಗಳ ಮೇಲೆ ಟಾರ್ಚ್ ಹಿಡಿದ. ಹಳೆ ಬ್ಯಾಟರಿಗೆ ಅವು ಹೇಗೆ ಸೇರಿದ್ದವೋ ಹಾಗೆಯೇ ತಾನು ತಂದದ್ದಕ್ಕೂ ಸಿಕ್ಕಿಸಿದ್ದ. ಮೈನಸ್ ತಂತಿ ಗಾಡಿಯ ಕಬ್ಬಿಣದ ಮೈಗೆ, ಪ್ಲಸ್ ತಂತಿ ಒಳಗೆ. ಈಗಿನ ಸ್ಕೂಟರುಗಳಲ್ಲಿ ಇರುವ ಹಾಗೆಯೇ.

ಆದರೆ ಇದು ಈಗಿನ ಗಾಡಿಯಲ್ಲ. ಮಿಲಿಟರಿ ಹರಾಜಿನಲ್ಲಿ ಬಂದ, ಯುದ್ಧಕಾಲದ ಇಂಗ್ಲಿಷ್ ಗಾಡಿ. ಇದರಲ್ಲಿ ಪ್ಲಸ್ಸೇ ಮೈಗೆ ಸೇರಬೇಕು.

ಅವನು ತಂತಿಗಳನ್ನು ಬಿಚ್ಚಿ ಅದಲುಬದಲು ಮಾಡಿ ಹಾಕಿದ. ಬಲ್ಬು ಮೊದಲಿನ ಹಾಗೆಯೇ ಉರಿಯಿತು. ಸೂಜಿ ಮಾತ್ರ ಸೊನ್ನೆ ದಾಟಿ ಎಡಕ್ಕೆ ಬಿತ್ತು.

ಎಷ್ಟೋ ದಿನದ ಮೇಲೆ ತ್ರಿವಿಕ್ರಮನಿಗೆ ಉಸಿರು ಪೂರ್ತಿ ಬಂತು.

"ದಾನವ್ವಾ, ಇಲ್ಲಿ ಬನ್ನಿ. ನಿಮ್ಮ ಯಜಮಾನ್ರು ಈ ಗಾಡಿ ಎಷ್ಟು ವರ್ಷದಿಂದ ನೋಡ್ಕೋತಿದ್ರು?"

"ಮಹಾಲಿಂಗಪ್ಪನವರು ತಗೊಂಡಾಗಿಂದನೂ ಅವರ ನೋಡ್ತಿದ್ರಲ್ರಿ. ಬ್ಯಾರೇದವ್ರಿಗೆ ಮುಟ್ಟಾಕ ಬಿಡ್ತಿರಲಿಲ್ಲ. ಈ ಗಾಡಿ ಎಲ್ಲಾ ಉಲ್ಟಾ ಐತಿ, ಪ್ಲಸ್ ಮೈಗೆ ಅಂತ ಊಟಕ್ಕ ಕುಂತಾಗೂ ಹೇಳ್ತಿದ್ರು."

"ಹಾಗಾದ್ರೆ ಅವ್ರು ಬ್ಯಾಟರಿ ಉಲ್ಟಾ ಕೂರಿಸೋಕೆ ಸಾಧ್ಯಾನಾ?"

"ನಿದ್ದಿಗಣ್ಣಾಗೂ ಮಾಡೂದಿಲ್ರಿ."

"ಕತ್ತರಿಸಿದ ತಂತಿ ಇರೋದು ಬ್ಯಾಟರಿ ಹಿಂದೆ. ಬ್ಯಾಟರಿ ಎತ್ತದೆ ಅಲ್ಲಿಗೆ ಕೈ ಹೋಗಲ್ಲ. ಯಾರೋ ಎತ್ತಿದಾನೆ, ತಂತಿ ಕತ್ತರಿಸಿದಾನೆ, ವಾಪಸ್ ಇಡುವಾಗ ಸ್ಕೂಟರಿನ ಥರ ಇಟ್ಟಿದಾನೆ. ಅದಕ್ಕೇ ಬ್ಯಾಟರಿ ಖಾಲಿ ಆಗ್ತಿದ್ರೂ ಸೂಜಿ ತುಂಬ್ತಿದೆ ಅಂತ ತೋರಿಸ್ತು. ಮಹಾಲಿಂಗಪ್ಪ ನಂಬಿ ಹೊರಟ."

ದಾನವ್ವನಿಗೆ ಎಲ್ಲ ಅರ್ಥವಾಯಿತೋ ಇಲ್ಲವೋ, ಕಣ್ಣು ತುಂಬಿಕೊಂಡು ಕೈ ಮುಗಿದಳು. ತ್ರಿವಿಕ್ರಮನಿಗೆ ನಾಚಿಕೆಯಾಯಿತು. ಇಷ್ಟರಿಂದ ಕೋರ್ಟು ಒಪ್ಪುವುದಿಲ್ಲ. ಕಾಡಪ್ಪ ಬೇಕೆಂದೇ ಉಲ್ಟಾ ಮಾಡಿದ ಎಂದು ಸರ್ಕಾರಿ ವಕೀಲ ಒಂದು ಮಾತು ಅಂದರೆ ಮುಗಿಯಿತು. ಯಾವಾಗ ಎತ್ತಿದರು ಎನ್ನುವುದು ಬೇಕು.

ಅವನು ಹಳೆಯ ಬ್ಯಾಟರಿಯನ್ನು ಅಲುಗಿಸದೆ ನೋಡಿದ. ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಕೂತಿದ್ದರಿಂದ ಮಳೆ ಗಾಳಿ ಅದಕ್ಕೆ ತಾಗಿರಲಿಲ್ಲ. ಕಪ್ಪು ಮೈಮೇಲೆ ವಿಭೂತಿ ಸುಣ್ಣದ ಹಾಗೆ ಒಣಗಿ ಅಂಟಿಕೊಂಡಿತ್ತು. ಪೂಜೆಯ ಗುರುತು ಎಂದು ಪೊಲೀಸರೂ ಬರೆದುಕೊಂಡಿದ್ದರು. ಆಯುಧಪೂಜೆಗೆ ಯಾರ ಗಾಡಿಯಲ್ಲಿ ವಿಭೂತಿ ಕುಂಕುಮ ಇರುವುದಿಲ್ಲ?

ಮೇಲೊಂದು ಪಟ್ಟೆ, ಕೆಳಗೊಂದು ಪಟ್ಟೆ. ನಡುವಿನದು ಉದುರಿದೆ ಅಂದುಕೊಂಡ. ಕ್ಷೌರದ ಕನ್ನಡಿಯೊಂದನ್ನು ಚೀಲದಿಂದ ತೆಗೆದು ಬ್ಯಾಟರಿಯ ಹಿಂದೆ, ಯಾರಿಗೂ ಕಾಣದ ಒಳಮೈಗೆ ಹಿಡಿದ.

ಅಲ್ಲೂ ವಿಭೂತಿ ಇತ್ತು. ಅಲ್ಲಿ ಮೂರು ಪಟ್ಟೆ.

ಒಳಮೈಗೆ ಯಾರು ಪೂಜೆ ಮಾಡುತ್ತಾರೆ? ಕೈ ಹೋಗುವುದಿಲ್ಲ. ಮಹಾಲಿಂಗಪ್ಪ ಪೂಜೆ ಮಾಡುವಾಗ ಆ ಮೂರು ಪಟ್ಟೆ ಹೊರಗಿದ್ದವು. ಆಮೇಲೆ, ಉಲ್ಟಾ ಕೂರಿಸುವಾಗ, ಬ್ಯಾಟರಿ ತಿರುಗಿದೆ. ತಿರುಗಿಸಿದವನಿಗೆ ಎದುರಿಗೆ ಬೋಳು ಮೈ ಕಂಡಿದೆ, ಅದಕ್ಕೆ ಹೊಸದಾಗಿ ಹಚ್ಚಿದ್ದಾನೆ.

ಮಹಾಲಿಂಗಪ್ಪನಿಗೆ ಗೊತ್ತಾಗಬಾರದು ಎಂದು ಹಚ್ಚಿರಬಹುದು. ಅದಕ್ಕಿಂತ ಹೆಚ್ಚಾಗಿ ಹೆದರಿ ಹಚ್ಚಿರಬೇಕು. ಪೂಜೆಯಾದ ಮೇಲೆ ಮಾರನೆಯ ದಿನದ ತನಕ ಸ್ಪ್ಯಾನರು ಸುತ್ತಿಗೆ ಕೂಡ ಮುಟ್ಟದ ಜನ ಇವರು. ತಂತಿ ಕತ್ತರಿಸುವ ಧೈರ್ಯ ಬಂತು, ದೇವರ ಗುರುತನ್ನು ಮರೆಮಾಡಿ ಹಾಗೇ ಬಿಟ್ಟುಹೋಗುವ ಧೈರ್ಯ ಬರಲಿಲ್ಲ.

"ಅವತ್ತು ಪೂಜೆ ಯಾವಾಗ ಆಯ್ತು ದಾನವ್ವ? ನಿಮ್ಮ ಯಜಮಾನ್ರು ಇದ್ರಾ?"

"ಇಲ್ರಿ. ಕೆಂಪಾಪುರದಾಗ ಮಹಾಲಿಂಗಪ್ಪನವರ ಮನ್ಯಾಗ ರಿಪೇರಿ ಮುಗಿಸಿ, ಹಂಗ ಬಿ.ಟಿ.ಎಸ್. ಬಸ್ ಹತ್ತಿ ಗೊರಗುಂಟೆಪಾಳ್ಯಕ್ಕ ಹೋದ್ರು. ಫ್ಯಾಕ್ಟರಿಯಾಗ ಪೂಜಿ ಇತ್ತಲ್ರಿ. ಸಂಜೀತನಾ ಅಲ್ಲೇ ಇದ್ರು, ಎಲ್ಲಾರೂ ನೋಡ್ಯಾರ. ಮಹಾಲಿಂಗಪ್ಪನವರು ರಜಾ ಹಾಕಿದ್ರು. ಗಾಡಿ ತೊಳದು ಪೂಜಿ ಮಾಡಿದ್ದು ಇವರು ಹೋದ ಮ್ಯಾಲೆ."

"ಮುಗೀತು. ಬ್ಯಾಟರಿ ಎತ್ತಿದ್ದು ಪೂಜೆ ಆದ್ಮೇಲೆ. ಅದು ಕಾಡಪ್ಪನ ಕೈ ಅಲ್ಲ. ಸೋಮವಾರ ಈ ಬ್ಯಾಟರಿ ಜಡ್ಜ್ ಮುಂದೆ ಇಟ್ರೆ ಸಾಕು."

ದಾನವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಳಲಿಲ್ಲ, ನಕ್ಕಳು. ಅವಳು ನಕ್ಕದ್ದನ್ನು ತ್ರಿವಿಕ್ರಮ ಅದೇ ಮೊದಲು ನೋಡಿದ್ದು.

"ನಂಗ ಗೊತ್ತಿತ್ತರಿ. ಇಲಿ ಸಿಕ್ರೂ ಹೊರಗ ಬಿಟ್ಟು ಬರ್ತಿದ್ರು ಅವರು. ಆದ್ರ ಸರ, ಮಾಡಲಾರದ್ದನ್ನ ಯಾಕ ಒಪ್ಪಿಕೊಂಡ್ರು?"

ಅದೇ ಪ್ರಶ್ನೆ ತ್ರಿವಿಕ್ರಮನನ್ನೂ ತಿನ್ನುತ್ತಿತ್ತು. ಮಾಡದ ಕೊಲೆಯನ್ನು ಮನುಷ್ಯ ತನ್ನ ಮೇಲೆ ಯಾಕೆ ಹಾಕಿಕೊಳ್ಳುತ್ತಾನೆ? ಅವನು ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದ. ನಡುವಿನ ಪಟ್ಟೆ ಉದುರಿದ್ದರೆ ಬಿಳಿಯ ಕಣವಾದರೂ ಉಳಿಯಬೇಕಿತ್ತು. ಉಳಿದಿರಲಿಲ್ಲ. ಹಳೆಯ ಎಣ್ಣೆಜಿಡ್ಡು ಹಾಗೇ ಇತ್ತು. ಅಲ್ಲಿ ಬೆರಳು ತಾಗಿಯೇ ಇರಲಿಲ್ಲ.

ಹೆಬ್ಬೆರಳು, ಕಿರುಬೆರಳು ಬಿಟ್ಟು ಉಳಿದ ಮೂರನ್ನೂ ಕೂಡಿಸಿ ಎಳೆಯುವುದು ವಿಭೂತಿ. ನಡುವಿನದು ತಾಗದೆ ಆಚೆಈಚೆಯದು ಮಾತ್ರ ತಾಗಬೇಕಾದರೆ...

"ಪೂಜಿ ಆದ ಮ್ಯಾಲೆ ಅವರ ಮನಿಗೆ ಯಾರ್ಯಾರು ಬಂದಿದ್ರು ಅಂತ ಕೇಳೂಣ್ರಿ" ಎನ್ನುತ್ತಿದ್ದಳು ದಾನವ್ವ, ಹೊಸ ಹುರುಪಿನಲ್ಲಿ. "ನಮ್ಮ ವೀರಬಸು ನೋಡಿರ್ತಾನ. ನಾನ ಹೋಳಿಗಿ ಡಬ್ಬಿ ಕೊಟ್ಟು ಕಳಿಸಿದ್ದೆ. ಸಿಟ್ಟು ಬಿಡೋ, ಹಬ್ಬದ ದಿನ ಹೋಗಿ ಕೊಟ್ಟು ಬಾ ಅಂತ ಬೈದು ಕಳಿಸಿದ್ದೆ. ಇಲ್ಲೇ ನಿಂತಾನ, ಕರೀಲೇನು?"

"ಬೇಡ."

ಆ ಮಾತು ಬೇಕಾದ್ದಕ್ಕಿಂತ ಬೇಗ ಬಂದುಬಿಟ್ಟಿತು. ದಾನವ್ವನ ನಗು ಅಲ್ಲಿಗೇ ನಿಂತಿತು.

"ಯಾಕ್ರಿ?"

ತ್ರಿವಿಕ್ರಮ ಟಾರ್ಚ್ ಆರಿಸಿದ. ಅದೇ ಅವನ ತಪ್ಪು. ಅವಳು ಅವನ ಕೈಯಿಂದ ಟಾರ್ಚ್ ತೆಗೆದುಕೊಂಡು, ತಾನೇ ಹೊತ್ತಿಸಿ, ಬಗ್ಗಿ ಬ್ಯಾಟರಿ ನೋಡಿದಳು. ಮೇಲೊಂದು, ಕೆಳಗೊಂದು. ದಿನಾ ಬೆಳಗ್ಗೆ ತನ್ನ ಮನೆಯ ಜಗಲಿಯ ಮೇಲೆ, ಎದುರಿಗೆ ಕೂತವನ ಹಣೆಯ ಮೇಲೆ ನೋಡುತ್ತಿದ್ದದ್ದು ಅದೇ.

ಹೊರಗೆ ಇನ್‌ಸ್ಪೆಕ್ಟರ್ ವೇಣುಗೋಪಾಲ ಯಾರೊಂದಿಗೋ ಟೀ ವಿಷಯಕ್ಕೆ ರೇಗುತ್ತಿದ್ದುದು ಕೇಳಿಸುತ್ತಿತ್ತು.

"ಅವ್ವ ಸತ್ತಾಗ ಅಂವ ಇನ್ನಾ ತೊಟ್ಟಿಲದಾಗ ಇದ್ದ" ಎಂದಳು ದಾನವ್ವ. ದನಿ ಸತ್ತುಹೋಗಿತ್ತು. "ತಮ್ಮ ಅಲ್ರಿ ಅಂವ ನನಗ. ಮದಿವ್ಯಾಗಿ ಬರೂವಾಗ ಬಗಲಾಗ ಎತ್ಕೊಂಡ ಬಂದೆ. ನಮ್ಮವರು ಒಂದ ದಿನಾ ಬ್ಯಾರೆ ಮಾಡಲಿಲ್ಲ. ಬೆರಳು ಹೋದಾಗ ಇವರ ಎತ್ಕೊಂಡ ಓಡಿದ್ರು. ಕೈ ಸಿಗದಂಗ ತಡಿಯೂ ಪ್ರೆಸ್ಸಿನ ಗಾರ್ಡ್ ತಗಸಿದ್ದು ಮಹಾಲಿಂಗಪ್ಪ. ಹುಡುಗಂದ ತಪ್ಪು ಅಂತ ಮ್ಯಾಲೆ ಹೇಳಿ ಕೆಲಸಾ ಬಿಡಿಸಿದ್ದೂ ಅಂವನ."

"ಕಾಡಪ್ಪಂಗೆ ಗೊತ್ತು ಅಂದ್ಹಾಗಾಯ್ತು."

"ಗೊತ್ತಿರ್ತೈತಿ. ಪೊಲೀಸರು ಗಾಡಿ ತೋರಿಸಿದ ದಿನಾನ ಬ್ಯಾಟರಿ ಉಲ್ಟಾ ಐತಿ ಅಂತ ತಿಳದಿರ್ತೈತಿ. ಈ ಎರಡ ಪಟ್ಟಿ ಅವರೂ ದಿನಾ ನೋಡ್ಯಾರಲ್ರಿ. ಅದಕ್ಕ ಕೈ ಒಡ್ಡ್ಯಾರ."

ತ್ರಿವಿಕ್ರಮ ತನಗೆ ಗೊತ್ತಿದ್ದ ಒಂದೇ ಒಂದು ಸಮಾಧಾನ ಹೇಳಿದ. "ಅವನಿಗೆ ಕೊಲ್ಲೋ ಮನಸ್ಸಿತ್ತೋ ಇಲ್ವೋ ನಂಗೊತ್ತಿಲ್ಲ ಅಮ್ಮಾ. ಬರೀ ತಂತಿ ಕತ್ತರಿಸಿ, ಬ್ಯಾಟರಿ ಸರಿಯಾಗೇ ಇಟ್ಟಿದ್ರೆ ಸೂಜಿ ನಿಜ ಹೇಳ್ತಿತ್ತು. ಮಹಾಲಿಂಗಪ್ಪ ಲೈಟ್ ಆರಿಸಿ ಅಲ್ಲೇ ಉಳ್ಕೋತಿದ್ದ. ಇಲ್ಲಾ ಗಾಡಿ ತಳ್ಕೊಂಡು ಬಯ್ಕೊಂಡು ಬರ್ತಿದ್ದ. ಇವನಿಗೆ ಬೇಕಿದ್ದಿದ್ದು ಅಷ್ಟೇ ಇರಬಹುದು. ಗಾಡಿ ಗೊತ್ತಿಲ್ದೆ ಮಾಡಿದ ತಪ್ಪು ಪ್ರಾಣ ತೆಗೀತು."

"ಹಂಗಂದ್ರ ಕೋರ್ಟಿನಾಗ ಬಿಡ್ತಾರೇನ್ರಿ?"

ಅವನು ಇಲ್ಲವೆಂದು ತಲೆಯಾಡಿಸಿದ.

ದಾನವ್ವ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಳು. "ಒರಸಿಬಿಡ್ಲೇನ್ರಿ ಸರ? ಒಂದ ಸಲ ಒರಸಿದ್ರ ಹೋಗ್ತೈತಿ."

"ಈ ಪಟ್ಟೆನ ಪೊಲೀಸರು ಬರೆದಿಟ್ಕೊಂಡಿದಾರೆ. ಒರೆಸಿದ್ರೆ ಒಳಗಿನ ಮೂರನ್ನೂ ನಾವೇ ಹಚ್ಚಿದ್ವಿ ಅಂತಾರೆ, ಕಾಡಪ್ಪಂದು ಮುಗೀತು. ಈ ಪಟ್ಟೆ ಬಿಟ್ರೆ ಅವ್ರನ್ನ ಬಿಡಿಸೋಕೆ ನನ್ನ ಹತ್ರ ಇನ್ನೇನೂ ಇಲ್ಲ."

"ಇಟ್ರ ವೀರಬಸೂಂದು ಮುಗೀತು."

ಅತ್ತ ದರಿ, ಇತ್ತ ಪುಲಿ ಎಂದು ಪುಸ್ತಕದಲ್ಲಿ ಓದುವುದು ಸುಲಭ. ದರಿಯೂ ಪುಲಿಯೂ ಒಂದೇ ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರಾದರೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ತ್ರಿವಿಕ್ರಮನಿಗೆ ತನ್ನ ಬುದ್ಧಿಯ ಮೇಲೆಯೇ ಅಸಹ್ಯ ಬಂತು. ಮಾತು ಕೊಟ್ಟಂತೆ ಗಂಡನನ್ನು ಬಿಡಿಸುವ ದಾರಿ ಹುಡುಕಿಕೊಟ್ಟಿದ್ದ. ಬದಲಿಗೆ ಏನು ಕಿತ್ತುಕೊಳ್ಳುತ್ತೇನೆಂದು ಆವತ್ತು ಹೇಳಿರಲಿಲ್ಲ.

"ಏನ್ರೀ ತ್ರಿವಿಕ್ರಮ್, ಇನ್ನೂ ಆಗ್ಲಿಲ್ವಾ? ಶೆಡ್ ಸೀಲ್ ಮಾಡ್ಬೇಕು ಕಣ್ರೀ." ವೇಣುಗೋಪಾಲ ಟೀ ಲೋಟ ಹಿಡಿದುಕೊಂಡೇ ಒಳಗೆ ಬಂದ. ಕೆಟ್ಟವನಲ್ಲ, ಆದರೆ ಕಣ್ಣು ಚುರುಕು. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದ. "ಏನೋ ಸಿಕ್ಕಿದೆ."

ಸೆರಗು ಸುತ್ತಿದ ಕೈ ಬ್ಯಾಟರಿಯ ಹತ್ತಿರವೇ ಇತ್ತು. ಒರೆಸಲು ಒಂದು ಗಳಿಗೆ ಸಾಕಿತ್ತು. ದಾನವ್ವ ಒರೆಸಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಂಡಳು.

ತ್ರಿವಿಕ್ರಮ ಹೇಳಲೇಬೇಕಾಯಿತು. ಸೂಜಿ, ಉಲ್ಟಾ ಬ್ಯಾಟರಿ, ಒಳಮೈಯ ಮೂರು ಪಟ್ಟೆ, ಹೊರಗಿನದು. ಪೂಜೆಯಾದ ಮೇಲೆ ಎತ್ತಿದ್ದು, ಕಾಡಪ್ಪನಲ್ಲ. ಅಲ್ಲಿಗೆ ನಿಲ್ಲಿಸಿದ. ವೇಣುಗೋಪಾಲ ಟೀ ಲೋಟ ಕೆಳಗಿಟ್ಟು, ಕನ್ನಡಿ ಹಿಡಿದು, ಎರಡೂ ಕಡೆ ನೋಡಿದ. ತಲೆಯಾಡಿಸಿದ.

"ಒಪ್ಕೋತೀನಿ. ಕಾಡಪ್ಪ ಅಲ್ಲ. ಹಾಗಾದ್ರೆ ಈ ವಿಭೂತಿ ಹಚ್ಚಿದ್ಯಾರು?"

"ನಾನರಿ" ಎಂದಳು ದಾನವ್ವ.

ತ್ರಿವಿಕ್ರಮ ಅವಳತ್ತ ತಿರುಗಿದ. ಅವಳು ಇವನ ಕಡೆ ನೋಡಲೇ ಇಲ್ಲ.

"ಹೋಳಿಗಿ ಕೊಡಾಕ ಅಂತ ನಾನ ಹೋಗಿದ್ದೆ. ಅವರು ಮನ್ಯಾಗ ಮಲಗಿದ್ರು. ಅಂಗಳದಾಗ ಗಾಡಿ ನಿಂತಿತ್ತು. ತಂತಿ ಕತ್ತರಿಸಿದೆ. ನಮ್ಮ ಹುಡುಗನ ಬೆರಳು ತಿಂದ ಸಿಟ್ಟು ನನಗ ಇತ್ತರಿ. ನಮ್ಮವರಿಗೆ ತಿಳೀತು, ನನ್ನ ಸಲುವಾಗಿ ತಮ್ಮ ಮ್ಯಾಲೆ ಹಾಕ್ಕೊಂಡ್ರು."

ಒಂದು ಮಾತೂ ತಡವರಿಸಲಿಲ್ಲ. ಕಾಡಪ್ಪ ಯಾಕೆ ಒಪ್ಪಿಕೊಂಡ ಎಂಬ ಗಂಟು ಕೂಡ ಆ ಸುಳ್ಳಿನೊಳಗೆ ಸಲೀಸಾಗಿ ಬಿಚ್ಚಿಕೊಂಡಿತು. ವೇಣುಗೋಪಾಲ ಬ್ಯಾಟರಿಯ ಕಡೆ ಬೆರಳು ಮಾಡಿದ.

"ಎರಡೇ ಪಟ್ಟೆ ಇದ್ಯಲ್ಲಮ್ಮ. ಹೇಗೆ ಹಚ್ಚಿದ್ರಿ? ತೋರ್ಸಿ."

ದಾನವ್ವ ಸೆರಗಿನ ಗಂಟು ಬಿಚ್ಚಿದಳು. ಗಂಡನಿಗೆಂದು ತಂದ ವಿಭೂತಿ ಗಟ್ಟಿಯನ್ನು ಎಡ ಅಂಗೈಯಲ್ಲಿಟ್ಟು, ಶೆಡ್ಡಿನ ಮೂಲೆಯ ಕೊಡದಿಂದ ನಾಲ್ಕು ಹನಿ ನೀರು ಹಾಕಿ ತೇಯ್ದಳು. ಬಲಗೈಯ ಮೂರು ಬೆರಳು ಅದ್ದಿದಳು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬೆರಳು ತಾನಾಗಿಯೇ ಮೂರೂ ನೀಡಿಕೊಂಡವು.

ಅವಳು ಆ ಮೂರನ್ನೂ ನೋಡಿದಳು. ಆಮೇಲೆ ನಡುಬೆರಳನ್ನು ಮೆಲ್ಲಗೆ ಒಳಕ್ಕೆ ಮಡಿಸಿದಳು.

ಪೆಟ್ರೋಲ್ ಟ್ಯಾಂಕಿನ ಮೇಲೆ, ಸೂಜಿಯ ಪಕ್ಕದಲ್ಲೇ, ಎರಡು ಪಟ್ಟೆ ಮೂಡಿದವು. ಮೇಲೊಂದು, ಕೆಳಗೊಂದು.

ವೇಣುಗೋಪಾಲ ಟ್ಯಾಂಕು ನೋಡಿದ, ಬ್ಯಾಟರಿ ನೋಡಿದ, ಮತ್ತೆ ಟ್ಯಾಂಕಿನ ಮೇಲೆ ಬಗ್ಗಿದ. "ನೀವೇ ಹೇಳಿ ತ್ರಿವಿಕ್ರಮ್. ಎರಡೂ ಒಂದೇ ಕೈದು ಅಂತೀರಾ?"

ತ್ರಿವಿಕ್ರಮ ಟ್ಯಾಂಕಿನತ್ತ ಬಗ್ಗಿದ. ಹೌದು ಎಂದರೆ ಇವಳು ಹೋಗುತ್ತಾಳೆ. ಅಲ್ಲ ಎಂದರೆ ಇವಳು ಸಾಕಿದ ಮಗ ಹೋಗುತ್ತಾನೆ. ದಾನವ್ವ ಈಗ ಅವನನ್ನು ನೋಡುತ್ತಿದ್ದಳು. ಅವಳ ನಡುಬೆರಳು ಇನ್ನೂ ಅಂಗೈಯೊಳಗೇ ಇತ್ತು.

ಬಾಗಿಲಲ್ಲಿ ಟಿಫಿನ್ ಕ್ಯಾರಿಯರಿನ ಸದ್ದಾಯಿತು.

"ಅಕ್ಕಾ, ಹೊತ್ತಾತು" ಎಂದ ವೀರಬಸಪ್ಪ. ಕ್ಯಾರಿಯರ್ ಅವನ ಎಡಗೈಯಲ್ಲಿತ್ತು. "ಭಾವಗ ವಿಭೂತಿ ಕೊಡ್ತೀನಂದಿದ್ದೆಲ್ಲ, ತಾ ಇಲ್ಲಿ" ಎಂದು ಬಲಗೈ ಚಾಚಿದ.